ಹಾಕ್ಸ್ ಜೀನುಗಳ ಜೊತೆಗಾರರು: ಎಕ್ಸ್‌ಟ್ರಾಡೆಂಟಿಕಲ್ ಮತ್ತು ಪಿಬಿಎಕ್ಸ್ ಶೋಧದ ಇತಿಹಾಸ

ಭ್ರೂಣದ ಯಾವ ಭಾಗ ತಲೆಯಾಗಬೇಕು, ಯಾವುದು ಎದೆ, ಯಾವುದು ಹೊಟ್ಟೆ ಎಂಬುದನ್ನು ತೀರ್ಮಾನಿಸುವ ಹಾಕ್ಸ್ ಪ್ರೋಟೀನುಗಳು ಬಹುಪಾಲು ಸಂದರ್ಭಗಳಲ್ಲಿ ಒಂಟಿಯಾಗಿ ಆ ಕೆಲಸ ಮಾಡಲಾರವು. ಡಿಎನ್‌ಎಯ ಉದ್ದಕ್ಕೂ ತಮಗೆ ಸಲ್ಲುವ ಜಾಗವನ್ನು ಹುಡುಕಿಕೊಳ್ಳಲು, ಅಲ್ಲಿ ಕುಳಿತು ಬೇರೆ ಜೀನುಗಳನ್ನು ಎಬ್ಬಿಸಲು ಇಲ್ಲವೆ ಅಡಗಿಸಲು ಅವಕ್ಕೆ ಇನ್ನೊಂದು ಪ್ರೋಟೀನಿನ ಜೊತೆ ಬೇಕು. ಹಣ್ಣು ನೊಣದಲ್ಲಿ ಈ ಸಹವರ್ತಿಗಳ ಹೆಸರು ಎಕ್ಸ್‌ಟ್ರಾಡೆಂಟಿಕಲ್ ಮತ್ತು ಹೋಮೊಥೊರಾಕ್ಸ್. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಪಿಬಿಎಕ್ಸ್, ಮೈಸ್ ಮತ್ತು ಪ್ರೆಪ್. ಇವುಗಳ ಬಗ್ಗೆ ಇಂದು ತಿಳಿದಿರುವ ಮುಖ್ಯ ಸಂಗತಿಗಳಲ್ಲಿ ಹೆಚ್ಚಿನವು 1990ರಿಂದ 1999ರವರೆಗಿನ ಒಂದೇ ದಶಕದಲ್ಲಿ ಹೊರಬಿದ್ದವು. ಹಾಕ್ಸ್ ಜೀನುಗಳಿಗೆ ಸಿಕ್ಕ ಖ್ಯಾತಿಯ ಒಂದು ಪಾಲೂ ಈ ಜೊತೆಗಾರರಿಗೆ ಸಿಗಲಿಲ್ಲ. ಆದರೆ ಇವುಗಳನ್ನು ಬಿಟ್ಟು ಹಾಕ್ಸ್ ಜೀನುಗಳ ಕಥೆ ಹೇಳಿದರೆ ಅದು ಅರ್ಧ ಕಥೆಯೇ ಆಗುತ್ತದೆ.

ಮೊದಲರ್ಧ ಶುರುವಾದದ್ದು 1915ರಲ್ಲಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರ ನೊಣಗಳ ಪ್ರಯೋಗಾಲಯದಲ್ಲಿದ್ದ ಕ್ಯಾಲ್ವಿನ್ ಬ್ರಿಜಸ್ ಒಂದು ವಿಚಿತ್ರ ನೊಣವನ್ನು ಗುರುತಿಸಿದರು. ನೊಣಕ್ಕೆ ಎರಡೇ ರೆಕ್ಕೆ. ಅವುಗಳ ಹಿಂದೆ, ಹಾರುವಾಗ ಸಮತೋಲನ ಕಾಯುವ ಹಾಲ್ಟಿಯರ್ ಎಂಬ ಎರಡು ಪುಟ್ಟ ಗುಂಡಿಗಳಿರುತ್ತವೆ. ಬ್ರಿಜಸ್ ಕಂಡ ನೊಣದಲ್ಲಿ ಹಾಲ್ಟಿಯರ್‌ನ ಒಂದು ಭಾಗ ರೆಕ್ಕೆಯ ರೂಪ ತಾಳಿತ್ತು. ಬೈಥೊರಾಕ್ಸ್ ಎಂದು ಹೆಸರಾದ ಆ ಉತ್ಪರಿವರ್ತನೆಯ ಬೆನ್ನು ಹತ್ತಿದ ಎಡ್ವರ್ಡ್ ಲೂಯಿಸ್, ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ದಶಕಗಳ ಕಾಲ ಅದೊಂದನ್ನೇ ಅಭ್ಯಾಸ ಮಾಡಿದರು. ಉತ್ಪರಿವರ್ತನೆಗಳನ್ನು ಒಂದರ ಮೇಲೊಂದು ಕೂಡಿಸಿ ನಾಲ್ಕು ರೆಕ್ಕೆಯ ನೊಣವನ್ನೇ ಬೆಳೆಸಿದರು. 1978ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಪ್ರಬಂಧ, ದೇಹದ ಒಂದೊಂದು ಖಂಡದ ಗುರುತನ್ನೂ ನಿರ್ಧರಿಸುವ ಜೀನುಗಳು ವರ್ಣತಂತುವಿನ ಮೇಲೆ ದೇಹದಲ್ಲಿರುವ ಕ್ರಮದಲ್ಲೇ ಸಾಲಾಗಿ ಕುಳಿತಿವೆ ಎಂದು ವಾದಿಸಿತು. ನೊಣದಲ್ಲಿ ಇಂಥ 8 ಜೀನುಗಳಿವೆ. ಮನುಷ್ಯನಲ್ಲಿ 4 ಗುಂಪುಗಳಲ್ಲಿ ಒಟ್ಟು 39.

1983-84ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವಾಲ್ಟರ್ ಗೇರಿಂಗ್ ಅವರ ಬಳಿ ಕೆಲಸ ಮಾಡುತ್ತಿದ್ದ ವಿಲಿಯಂ ಮೆಕ್‌ಗಿನ್ನಿಸ್, ಮೈಕೆಲ್ ಲೆವಿನ್ ಮತ್ತು ಸಂಗಡಿಗರು, ಅಮೆರಿಕದ ಇಂಡಿಯಾನಾದಲ್ಲಿ ಮ್ಯಾಥ್ಯೂ ಸ್ಕಾಟ್ ಮತ್ತು ಏಮಿ ವೈನರ್, ಒಂದೇ ಸಮಯಕ್ಕೆ ಒಂದೇ ಸಂಗತಿಯನ್ನು ಕಂಡುಕೊಂಡರು. ಈ ಜೀನುಗಳೆಲ್ಲದರಲ್ಲೂ ಸುಮಾರು 180 ಅಕ್ಷರಗಳ ಒಂದು ತುಂಡು ಹೆಚ್ಚುಕಡಿಮೆ ಒಂದೇ ಆಗಿದೆ. ಹೋಮಿಯೊಬಾಕ್ಸ್ ಎಂಬ ಆ ತುಂಡಿನಿಂದ ತಯಾರಾಗುವುದು 60 ಅಮೈನೋ ಆಮ್ಲಗಳ ಹೋಮಿಯೊಡೊಮೈನ್. ಪ್ರೋಟೀನಿನ ಡಿಎನ್‌ಎ ಹಿಡಿಯುವ ಭಾಗ ಅದು. ಕಪ್ಪೆ, ಇಲಿ, ಮನುಷ್ಯ ಎಲ್ಲರಲ್ಲೂ ಅದು ಸಿಕ್ಕಿತು. ಪ್ರಾಣಿಗಳ ಮೈಕಟ್ಟಿನ ಹಿಂದೆ ಒಂದೇ ಹಳೆಯ ವ್ಯವಸ್ಥೆಯಿದೆ ಎಂಬ ಅರಿವು ಜೀವವಿಜ್ಞಾನವನ್ನೇ ಅಲುಗಾಡಿಸಿತು.

ಆದರೆ ಆ ಸಂಭ್ರಮದ ನಡುವೆಯೇ ಒಂದು ತೊಡಕು ತಲೆಯೆತ್ತಿತು. ಹೋಮಿಯೊಡೊಮೈನುಗಳು ಡಿಎನ್‌ಎಯ ಯಾವ ಅಕ್ಷರಗಳನ್ನು ಹಿಡಿಯುತ್ತವೆ ಎಂದು 1988ರಲ್ಲಿ ಪರೀಕ್ಷಿಸಿದ ತಂಡಗಳಿಗೆಲ್ಲ ಬಂದ ಉತ್ತರ ಹೆಚ್ಚುಕಡಿಮೆ ಒಂದೇ ಆಗಿತ್ತು. ಕಾಲು ಮಾಡುವ ಪ್ರೋಟೀನಾಗಲಿ ಹೊಟ್ಟೆ ಮಾಡುವ ಪ್ರೋಟೀನಾಗಲಿ, ಹಿಡಿಯುವುದು ಟಿಎಎಟಿ ಎಂಬ ನಾಲ್ಕಕ್ಷರದ ತಿರುಳನ್ನೇ. ನಾಲ್ಕಕ್ಷರದ ಯಾವುದೇ ಪದ ಬರೀ ಆಕಸ್ಮಿಕವಾಗಿ 256 ಅಕ್ಷರಗಳಿಗೊಮ್ಮೆ ಬರುತ್ತದೆ. ನೊಣದ ಜೀನೋಮ್ ಸುಮಾರು 18 ಕೋಟಿ ಅಕ್ಷರಗಳಷ್ಟು ಉದ್ದ. ಎಂದರೆ ಒಂದೇ ಎಳೆಯ ಮೇಲೆ ಇಂಥ ಜಾಗಗಳು ಏಳು ಲಕ್ಷದ ಆಸುಪಾಸು. ಸಂತೆಯ ನಡುವೆ ನಿಂತು ‘ಬಸಣ್ಣ’ ಎಂದು ಕೂಗಿದರೆ ಹತ್ತು ಮಂದಿ ತಿರುಗಿ ನೋಡುವಂತಾಯಿತು ಇದು. ಯಾವ ಊರಿನ ಬಸಣ್ಣ ಎಂದು ಹೇಳುವವರು ಯಾರು? ಒಂದೇ ಪದವನ್ನು ಓದುವ ಎಂಟು ಪ್ರೋಟೀನುಗಳು ಎಂಟು ಬಗೆಯ ಅಂಗಗಳನ್ನು ಹೇಗೆ ಕಟ್ಟುತ್ತವೆ ಎಂಬ ಈ ಪ್ರಶ್ನೆಯೇ ಮುಂದಿನ ಎಲ್ಲ ಶೋಧಗಳಿಗೂ ಕಾರಣವಾಯಿತು.

ಉತ್ತರದ ಸುಳಿವು ಅದೇ ವರ್ಷ ಯೀಸ್ಟ್‌ನಿಂದ ಬಂದಿತ್ತು. ಯೀಸ್ಟ್ ಕೋಶದ ಲಿಂಗವನ್ನು ನಿರ್ಧರಿಸುವ ಆಲ್ಫಾ2 ಎಂಬ ಪ್ರೋಟೀನಿಗೂ ಒಂದು ಹೋಮಿಯೊಡೊಮೈನ್ ಇದೆ. ಎ1 ಎಂಬ ಇನ್ನೊಂದು ಪ್ರೋಟೀನು ಜೊತೆಗೂಡಿದರೆ ಅದು ಹಿಡಿಯುವ ಡಿಎನ್‌ಎ ಜಾಗವೇ ಬದಲಾಗುತ್ತದೆ ಎಂದು ಕ್ಯಾರೊಲಿನ್ ಗೂಟ್ ಮತ್ತು ಅಲೆಕ್ಸಾಂಡರ್ ಜಾನ್ಸನ್ 1988ರಲ್ಲಿ ತೋರಿಸಿದರು. ಜೊತೆಗಾರ ಬದಲಾದರೆ ವಿಳಾಸ ಬದಲಾಗುತ್ತದೆ ಎಂಬ ತತ್ವ ಅಲ್ಲಿಗೆ ಸಿದ್ಧವಾಯಿತು. ಆದರೆ ನೊಣದ ಹಾಕ್ಸ್ ಪ್ರೋಟೀನುಗಳ ಜೊತೆಗಾರ ಯಾರು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಗೊತ್ತಿರಲಿಲ್ಲ ಎನ್ನುವುದಕ್ಕಿಂತ, ಆ ಜೀನು ಕೈಯಲ್ಲಿದ್ದರೂ ಅದರ ಮಹತ್ವ ಹೊಳೆದಿರಲಿಲ್ಲ ಎನ್ನುವುದು ಸರಿ. ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಮತ್ತು ಎರಿಕ್ ವೀಶೌಸ್ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನೊಣದ ಭ್ರೂಣ ಕೆಡಿಸುವ ಉತ್ಪರಿವರ್ತನೆಗಳನ್ನು ಸಾಲುಸಾಲಾಗಿ ಜಾಲಿಸಿದ ಮಹಾಶೋಧ ಇಂದು ಪಠ್ಯಪುಸ್ತಕಗಳಲ್ಲಿದೆ. 1995ರಲ್ಲಿ ಲೂಯಿಸ್ ಜೊತೆ ಅವರಿಬ್ಬರಿಗೂ ನೊಬೆಲ್ ಬಂತು. ಅಂಥ ಶೋಧಗಳಿಂದ ಬಂದ ನೂರಾರು ಜೀನುಗಳ ಪಟ್ಟಿಯಲ್ಲಿ ಎಕ್ಸ್‌ಟ್ರಾಡೆಂಟಿಕಲ್ ಕೂಡ ಒಂದು. ನೊಣದ ಮರಿಹುಳುವಿನ ಹೊಟ್ಟೆಯಡಿ ಪ್ರತಿ ಖಂಡಕ್ಕೂ ಒಂದೊಂದು ಮುಳ್ಳಿನ ಪಟ್ಟಿಯಿರುತ್ತದೆ. ತೆವಳುವಾಗ ನೆಲ ಕಚ್ಚಲು ಅದು ಬೇಕು. ಹೊಟ್ಟೆಯ ಮೊದಲ ಖಂಡದ ಪಟ್ಟಿ ಕಿರಿದು, ಹಿಂದಿನವು ಅಗಲ. ಮುಳ್ಳಿನ ಸಾಲುಗಳ ಸಂಖ್ಯೆ, ಅವು ಮುಂದಕ್ಕೆ ಬಾಗಿವೆಯೋ ಹಿಂದಕ್ಕೋ ಎಂಬುದನ್ನು ನೋಡಿಯೇ ನುರಿತ ಕಣ್ಣು ಅದು ಯಾವ ಖಂಡವೆಂದು ಹೇಳಿಬಿಡುತ್ತದೆ. ಎಕ್ಸ್‌ಟ್ರಾಡೆಂಟಿಕಲ್ ಕೆಟ್ಟ ಮರಿಹುಳುಗಳಲ್ಲಿ ಈ ಮೊದಲ ಪಟ್ಟಿ ಹಿಂದಿನ ಖಂಡಗಳ ಪಟ್ಟಿಯಂತೆ ಅಗಲವಾಗಿತ್ತು.

1990ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ವೀಶೌಸ್ ಅವರೊಂದಿಗಿದ್ದ ಮಾರ್ಕ್ ಪೈಫರ್ ಈ ಮರಿಹುಳುಗಳನ್ನು ಎಚ್ಚರದಿಂದ ಪರಿಶೀಲಿಸಿದರು. ಒಂದು ಖಂಡ ಇನ್ನೊಂದರ ವೇಷ ತೊಟ್ಟಿದೆಯೆಂದರೆ ಹಾಕ್ಸ್ ಜೀನುಗಳು ತಪ್ಪು ಜಾಗದಲ್ಲಿ ಚಾಲೂ ಆಗಿರಬೇಕು ಎಂಬುದೇ ಅಂದಿನ ಸಹಜ ತರ್ಕ. ಆದರೆ ಬಣ್ಣ ಹಾಕಿ ನೋಡಿದಾಗ ಹಾಕ್ಸ್ ಪ್ರೋಟೀನುಗಳು ಇರಬೇಕಾದ ಜಾಗದಲ್ಲೇ ಇದ್ದವು. ಪ್ರೋಟೀನು ಇದೆ, ಅದರ ಕೆಲಸ ಮಾತ್ರ ಕೆಟ್ಟಿದೆ. ಹಾಗಾದರೆ ಎಕ್ಸ್‌ಟ್ರಾಡೆಂಟಿಕಲ್ ಹಾಕ್ಸ್ ಜೀನುಗಳ ಮೇಲೆ ಅಧಿಕಾರ ನಡೆಸುವ ಜೀನಲ್ಲ. ಅವುಗಳ ಪಕ್ಕದಲ್ಲಿ ನಿಂತು ಕೆಲಸ ಮಾಡುವಂಥದು ಎಂದು ಪೈಫರ್ ಮತ್ತು ವೀಶೌಸ್ ತೀರ್ಮಾನಿಸಿದರು. ಇಡೀ ಇತಿಹಾಸದಲ್ಲಿ ನಿಜವಾದ ತಿರುವು ಇದೇ. ಆ ಪ್ರೋಟೀನು ಎಂಥದ್ದೆಂದು ತಿಳಿಯುವ ಮೊದಲೇ, ಬರೀ ಚರ್ಮದ ಮೇಲಿನ ಮುಳ್ಳುಗಳ ಲೆಕ್ಕದಿಂದ, ಅದರ ಪಾತ್ರವನ್ನು ಅವರು ಸರಿಯಾಗಿ ಊಹಿಸಿದ್ದರು.

ಅದೇ 1990ರಲ್ಲಿ, ನೊಣಕ್ಕೂ ಭ್ರೂಣಕ್ಕೂ ಸಂಬಂಧವೇ ಇಲ್ಲವೆನಿಸುವ ಕಡೆಯಿಂದ ಇನ್ನೊಂದು ಎಳೆ ಬಂತು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯಾದ ಒಂದು ಬಗೆಯಲ್ಲಿ 1 ಮತ್ತು 19ನೆಯ ವರ್ಣತಂತುಗಳು ಮುರಿದು ಒಂದರ ತುಂಡು ಇನ್ನೊಂದಕ್ಕೆ ಅಂಟಿಕೊಂಡಿರುತ್ತವೆ ಎಂಬುದು ಮೊದಲೇ ಗೊತ್ತಿತ್ತು. 19ನೆಯದರಲ್ಲಿ ಮುರಿದದ್ದು ಇ2ಎ ಎಂಬ ಜೀನು. ಇನ್ನೊಂದು ತುದಿಯಲ್ಲಿ ಏನಿದೆ? ಡೇವಿಡ್ ಬಾಲ್ಟಿಮೋರ್ ಅವರೊಂದಿಗೆ ಮಾರ್ಕ್ ಕ್ಯಾಂಪ್ಸ್, ಕಾರ್ನೆಲಿಸ್ ಮುರ್ರೆ ಮೊದಲಾದವರಿದ್ದ ತಂಡ, ಸ್ಟ್ಯಾನ್‌ಫರ್ಡ್‌ನಲ್ಲಿ ಮೈಕೆಲ್ ಕ್ಲಿಯರಿ ಅವರ ತಂಡ ಬೇರೆಬೇರೆಯಾಗಿ ಉತ್ತರ ಕಂಡುಕೊಂಡು ‘ಸೆಲ್’ ಪತ್ರಿಕೆಯಲ್ಲಿ ಪ್ರಕಟಿಸಿದವು. ಅಲ್ಲಿದ್ದದ್ದು ಅದುವರೆಗೆ ಯಾರೂ ಕಾಣದ ಒಂದು ಹೋಮಿಯೊಬಾಕ್ಸ್ ಜೀನು. ಪಿಬಿಎಕ್ಸ್1 ಎಂದು ಅದಕ್ಕೆ ಹೆಸರಾಯಿತು. ಸಾಮಾನ್ಯ ಬಿ-ಲಿಂಫೋಸೈಟ್‌ಗಳಲ್ಲಿ ಅದು ಮೌನವಾಗಿರುತ್ತದೆ. ವರ್ಣತಂತು ಮುರಿದು ಬೆಸೆದಾಗ ಇ2ಎಯ ಬಲವಾದ ಚಾಲಕ ಭಾಗಕ್ಕೆ ಪಿಬಿಎಕ್ಸ್1ರ ಡಿಎನ್‌ಎ ಹಿಡಿಯುವ ಭಾಗ ಜೋಡಿಯಾಗಿ, ಸುಮ್ಮನಿರಬೇಕಾದ ಜೀನುಗಳನ್ನೆಲ್ಲ ಎಬ್ಬಿಸುತ್ತದೆ. ಆರೋಗ್ಯವಂತ ದೇಹದಲ್ಲಿ ಪಿಬಿಎಕ್ಸ್1ರ ಕೆಲಸವೇನು ಎಂಬ ಪ್ರಶ್ನೆಗೆ ಮಾತ್ರ ಕ್ಯಾನ್ಸರ್ ತಜ್ಞರ ಬಳಿ ಉತ್ತರವಿರಲಿಲ್ಲ.

ಎರಡು ಎಳೆಗಳು ಕೂಡಿದ್ದು 1993ರಲ್ಲಿ. ಕಾರ್ಡೀಲಿಯಾ ರಾಸ್ಕಾಬ್, ಪೈಫರ್ ಮತ್ತು ವೀಶೌಸ್ ಎಕ್ಸ್‌ಟ್ರಾಡೆಂಟಿಕಲ್ ಜೀನನ್ನು ಬೇರ್ಪಡಿಸಿ ಅದರ ಅಕ್ಷರಗಳನ್ನು ಓದಿದಾಗ ಅದು ಪಿಬಿಎಕ್ಸ್1ರ ನೊಣದ ರೂಪವೇ ಆಗಿತ್ತು. ಹೋಲಿಕೆ ಹೋಮಿಯೊಡೊಮೈನ್‌ಗಷ್ಟೇ ಸೀಮಿತವಾಗಿರಲಿಲ್ಲ. ಪ್ರೋಟೀನಿನ ಉದ್ದಕ್ಕೂ ಹಬ್ಬಿತ್ತು. ಒಂದೇ ಪ್ರಕಟಣೆಯಿಂದ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿತು. ನೊಣದವರಿಗೆ ತಮ್ಮ ಜೀನು ಡಿಎನ್‌ಎ ಹಿಡಿಯುವ ಪ್ರೋಟೀನು ಎಂದು ತಿಳಿಯಿತು. ಕ್ಯಾನ್ಸರ್‌ನವರಿಗೆ ತಮ್ಮ ಜೀನು ಹಾಕ್ಸ್ ಜೀನುಗಳ ಜೊತೆ ನಿಲ್ಲುವಂಥದು ಎಂದು ತಿಳಿಯಿತು.

ಮರುವರ್ಷವೇ ಕೊಲಂಬಿಯಾದ ರಿಚರ್ಡ್ ಮಾನ್ ಅವರ ತಂಡ, ಅಷ್ಟರಲ್ಲಿ ಸ್ಯಾನ್ ಡಿಯಾಗೊಗೆ ಬಂದು ನೆಲೆಸಿದ್ದ ಮುರ್ರೆ ಮತ್ತು ಅವರ ಸಹೋದ್ಯೋಗಿ ಇದನ್ನು ಪರೀಕ್ಷಾನಳಿಕೆಯಲ್ಲಿ ಸಾಬೀತು ಮಾಡಿದರು. ವಿಧಾನ ಸರಳ. ಚಿಕ್ಕದೊಂದು ಡಿಎನ್‌ಎ ತುಂಡಿಗೆ ವಿಕಿರಣದ ಗುರುತು ಹಚ್ಚಿ, ಪ್ರೋಟೀನಿನ ಜೊತೆ ಬೆರೆಸಿ, ಜೆಲ್‌ನ ಮೂಲಕ ವಿದ್ಯುತ್ತಿನಿಂದ ಹಾಯಿಸುತ್ತಾರೆ. ಬರಿಯ ಡಿಎನ್‌ಎ ಬೇಗ ಕೆಳಗಿಳಿಯುತ್ತದೆ; ಪ್ರೋಟೀನು ಕಚ್ಚಿಕೊಂಡ ಡಿಎನ್‌ಎ ನಿಧಾನವಾಗಿ ಮೇಲೆಯೇ ಉಳಿಯುತ್ತದೆ. ಅಲ್ಟ್ರಾಬೈಥೊರಾಕ್ಸ್ ಎಂಬ ಹಾಕ್ಸ್ ಪ್ರೋಟೀನನ್ನು ಒಂಟಿಯಾಗಿ ಹಾಕಿದಾಗ ಹಿಡಿತ ದುರ್ಬಲ. ಎಕ್ಸ್‌ಟ್ರಾಡೆಂಟಿಕಲ್ ಸೇರಿಸಿದ ಕೂಡಲೇ ಜೆಲ್‌ನ ಮೇಲ್ಭಾಗದಲ್ಲಿ, ಎರಡೂ ಪ್ರೋಟೀನುಗಳನ್ನು ಹೊತ್ತ ಡಿಎನ್‌ಎಯ ಗಾಢವಾದ ಪಟ್ಟಿ ಮೂಡಿತು. ಎಲ್ಲ ಹಾಕ್ಸ್ ಪ್ರೋಟೀನುಗಳೂ ಎಲ್ಲ ಜಾಗದಲ್ಲೂ ಹೀಗೆ ಕೂಡುತ್ತಿರಲಿಲ್ಲ; ಯಾವ ಡಿಎನ್‌ಎ ತುಂಡು ಎಂಬುದರ ಮೇಲೆ ಯಾರು ಕೂಡುತ್ತಾರೆ ಎಂಬುದು ನಿಂತಿತ್ತು. 1995ರ ವೇಳೆಗೆ ಅವೆರಡನ್ನೂ ಬೆಸೆಯುವ ಕೊಂಡಿಯೂ ಗೊತ್ತಾಯಿತು. ಹಾಕ್ಸ್ ಪ್ರೋಟೀನುಗಳ ಹೋಮಿಯೊಡೊಮೈನ್‌ಗೆ ತುಸು ಹಿಂದೆ ಟ್ರಿಪ್ಟೊಫಾನ್ ಇರುವ ನಾಲ್ಕಾರು ಅಮೈನೋ ಆಮ್ಲಗಳ ಒಂದು ಕಿರುತುಂಡಿದೆ. ಅದನ್ನು ಕೆಡಿಸಿದರೆ ಜೋಡಿ ಮುರಿಯುತ್ತದೆ.

ಪರೀಕ್ಷಾನಳಿಕೆಯಲ್ಲಿ ನಡೆದದ್ದು ಜೀವಂತ ಭ್ರೂಣದಲ್ಲೂ ನಡೆಯುತ್ತದೆಯೇ? ಲಂಡನ್ನಿನಲ್ಲಿದ್ದ ರಾಬ್ ಕ್ರಮ್‌ಲಾಫ್ ಅವರ ತಂಡ ಮತ್ತು ಮಾನ್ ತಂಡ ಸೇರಿ 1995ರಲ್ಲಿ ಇದಕ್ಕೆ ಉತ್ತರ ಕೊಟ್ಟವು. ಇಲಿಯ ಹಿಮ್ಮೆದುಳು ಬೆಳೆಯುವಾಗ ಹಾಕ್ಸ್‌ಬಿ1 ಜೀನು ಒಂದು ಖಂಡದಲ್ಲಿ ಮಾತ್ರ ತನ್ನನ್ನು ತಾನೇ ಚಾಲೂ ಇಟ್ಟುಕೊಳ್ಳುತ್ತದೆ. ಅದನ್ನು ಮಾಡಿಸುವ ಡಿಎನ್‌ಎ ತುಂಡಿನೊಳಗೆ ಹಾಕ್ಸ್ ಮತ್ತು ಪಿಬಿಎಕ್ಸ್ ಒಟ್ಟಿಗೆ ಕೂರುವ ಜಾಗಗಳಿದ್ದವು. ಅದೇ ಇಲಿಯ ತುಂಡನ್ನು ನೊಣಕ್ಕೆ ಸೇರಿಸಿದಾಗ, ಹಾಕ್ಸ್‌ಬಿ1ರ ನೊಣದ ಬಂಧುವಾದ ಲೇಬಿಯಲ್ ಮತ್ತು ಎಕ್ಸ್‌ಟ್ರಾಡೆಂಟಿಕಲ್ ಅದನ್ನು ಗುರುತಿಸಿ ಚಾಲೂ ಮಾಡಿದವು. ಇಲಿಗೂ ನೊಣಕ್ಕೂ ಸಮಾನವಾದ ಪೂರ್ವಜ ಬದುಕಿದ್ದು 50 ಕೋಟಿ ವರ್ಷಗಳಿಗೂ ಹಿಂದೆ. ಅಷ್ಟು ಕಾಲವೂ ಈ ಜೋಡಿ ಮತ್ತು ಅದರ ಲಿಪಿ ಮಾಸದೆ ಉಳಿದಿದ್ದವು.

1997ರ ಪ್ರಯೋಗ ಇನ್ನೂ ಸೂಕ್ಷ್ಮವಾದದ್ದು. ಆ ತುಂಡಿನೊಳಗಿನ ಕೇವಲ 20 ಅಕ್ಷರಗಳ ಒಂದು ಭಾಗವನ್ನು ತೆಗೆದುಕೊಂಡು, ಅದರ ನಡುವೆ ಜಿಜಿ ಎಂದಿದ್ದ ಎರಡಕ್ಷರಗಳನ್ನು ಟಿಎ ಎಂದು ಬದಲಿಸಿದರು. ಅಷ್ಟಕ್ಕೇ ಅದು ಲೇಬಿಯಲ್‌ನ ಮಾತು ಕೇಳುವುದನ್ನು ಬಿಟ್ಟು ತಲೆಯ ಇನ್ನೊಂದು ಖಂಡದ ಹಾಕ್ಸ್ ಜೀನಾದ ಡಿಫಾರ್ಮ್ಡ್‌ನ ಮಾತು ಕೇಳತೊಡಗಿತು. ಲಕ್ಷಗಟ್ಟಲೆ ಜಾಗಗಳ ಗೊಂದಲಕ್ಕೆ ಉತ್ತರ ಸಿಗಬೇಕಾದದ್ದು ಎಲ್ಲಿ ಎಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಪ್ರಯೋಗ ಇನ್ನೊಂದಿಲ್ಲ. ಜೊತೆಗಾರ ಪ್ರೋಟೀನು ಪಕ್ಕದಲ್ಲಿದ್ದಾಗ ಮಾತ್ರ ಆ ಎರಡಕ್ಷರಗಳ ವ್ಯತ್ಯಾಸ ಹಾಕ್ಸ್ ಪ್ರೋಟೀನಿಗೆ ಅರ್ಥವಾಗುತ್ತದೆ.

ಈ ನಡುವೆ ಬೇರೊಂದು ಒಗಟು ಕಾದಿತ್ತು. ಎಕ್ಸ್‌ಟ್ರಾಡೆಂಟಿಕಲ್ ಭ್ರೂಣದ ಎಲ್ಲೆಡೆ ತಯಾರಾಗುತ್ತದೆ; ಅದರ ಸಂದೇಶ ಆರ್‌ಎನ್‌ಎಯನ್ನು ತಾಯಿ ನೊಣ ಮೊಟ್ಟೆಯಲ್ಲೇ ತುಂಬಿ ಕಳಿಸಿರುತ್ತದೆ. ಎಲ್ಲೆಲ್ಲೂ ಇರುವ ಪ್ರೋಟೀನು ಜಾಗಕ್ಕೆ ತಕ್ಕ ಕೆಲಸ ಹೇಗೆ ಮಾಡೀತು? ಪ್ರತಿಕಾಯಗಳ ಬಣ್ಣ ಹಾಕಿ ನೋಡಿದಾಗ ಗುಟ್ಟು ಹೊರಬಿತ್ತು. ಪ್ರೋಟೀನು ಎಲ್ಲ ಕೋಶಗಳಲ್ಲೂ ಇದ್ದರೂ ಕೆಲವೆಡೆ ಕೋಶಕೇಂದ್ರದ ಒಳಗಿತ್ತು, ಕೆಲವೆಡೆ ಹೊರಗೆ ಕೋಶದ್ರವ್ಯದಲ್ಲೇ ಉಳಿದಿತ್ತು. ಡಿಎನ್‌ಎ ಇರುವುದು ಕೇಂದ್ರದೊಳಗೆ. ಹೊರಗುಳಿದ ಪ್ರೋಟೀನು ಇದ್ದೂ ಇಲ್ಲದಂತೆ. ನೊಣದ ಕಾಲಾಗಬೇಕಾದ ಅಂಗಾಂಶದಲ್ಲಿ ಈ ಗಡಿ ಕಣ್ಣಿಗೆ ಕಟ್ಟುವಂತಿದೆ. ಮೈಗೆ ಅಂಟಿದ ಬುಡದ ಭಾಗದ ಕೋಶಗಳಲ್ಲಿ ಪ್ರೋಟೀನು ಕೇಂದ್ರದ ಒಳಗೆ, ತುದಿಯ ಕಡೆಯ ಕೋಶಗಳಲ್ಲಿ ಹೊರಗೆ. ಜೀನನ್ನು ಚಾಲೂ ಮಾಡುವುದು, ನಿಲ್ಲಿಸುವುದು ಇವೆರಡೇ ನಿಯಂತ್ರಣದ ಬಗೆಗಳಲ್ಲ, ತಯಾರಾದ ಪ್ರೋಟೀನನ್ನು ಬಾಗಿಲ ಹೊರಗೆ ನಿಲ್ಲಿಸುವುದೂ ಒಂದು ನಿಯಂತ್ರಣ ಎಂದು ಇದು ತೋರಿಸಿತು.

ಒಳಗೆ ಕರೆದೊಯ್ಯುವವರು ಯಾರೆಂದು 1997ರಲ್ಲಿ ಮಾನ್ ತಂಡ ಕಂಡುಹಿಡಿಯಿತು. ಮರುವರ್ಷ ತೈವಾನ್ ಮತ್ತು ಇಸ್ರೇಲಿನ ತಂಡಗಳೂ ಅದೇ ಜೀನನ್ನು ತಲುಪಿದವು. ಹೋಮೊಥೊರಾಕ್ಸ್ ಎಂಬ ಆ ಜೀನಿನ ಪ್ರೋಟೀನು ಎಕ್ಸ್‌ಟ್ರಾಡೆಂಟಿಕಲ್‌ಗೆ ಅಂಟಿಕೊಂಡಾಗ, ಅದನ್ನು ಕೇಂದ್ರದಿಂದ ಹೊರದೂಡುವ ಸಂಕೇತ ಕೆಲಸ ಮಾಡದಂತಾಗಿ ಅದು ಒಳಗೇ ಉಳಿಯುತ್ತದೆ. ಅವಲಂಬನೆ ಪರಸ್ಪರದ್ದು: ಎಕ್ಸ್‌ಟ್ರಾಡೆಂಟಿಕಲ್ ಇಲ್ಲದಿದ್ದರೆ ಹೋಮೊಥೊರಾಕ್ಸ್ ಪ್ರೋಟೀನು ಉಳಿಯುವುದಿಲ್ಲ. ಎರಡರಲ್ಲಿ ಯಾವುದು ಕೆಟ್ಟರೂ ನೊಣದ ತಲೆಯ ಮೇಲೆ ಮೀಸೆಯ ಬದಲು ಕಾಲು ಬೆಳೆಯುತ್ತದೆ. ಹೋಮೊಥೊರಾಕ್ಸ್‌ಗೂ ಬೆನ್ನೆಲುಬಿಗಳಲ್ಲಿ ಬಂಧುಗಳಿದ್ದವು, ಅವೂ ಮೊದಲೇ ಬೇರೆ ದಾರಿಯಲ್ಲಿ ಸಿಕ್ಕಿದ್ದವು. ಮೈಸ್1 ಸಿಕ್ಕಿದ್ದು 1995ರಲ್ಲಿ, ವೈರಸ್‌ನಿಂದ ಲ್ಯುಕೀಮಿಯಾ ಬರುವ ಇಲಿಗಳ ಒಂದು ತಳಿಯಲ್ಲಿ. ಪ್ರೆಪ್1 ಸಿಕ್ಕಿದ್ದು ಇಟಲಿಯಲ್ಲಿ ಫ್ರಾನ್ಸೆಸ್ಕೊ ಬ್ಲಾಸಿ ಅವರ ತಂಡ ಯೂರೊಕೈನೇಸ್ ಎಂಬ ಕಿಣ್ವದ ಜೀನನ್ನು ಅಭ್ಯಾಸ ಮಾಡುತ್ತಿದ್ದಾಗ. 1999ರಲ್ಲಿ ಸ್ಪೇನಿನ ವಿಜ್ಞಾನಿಗಳು ಕೋಳಿಮರಿಯ ಭ್ರೂಣದಲ್ಲಿ ರೆಕ್ಕೆಯ ತುದಿಯಲ್ಲಿ ಮೈಸ್ ಚಾಲೂ ಇರುವಂತೆ ಮಾಡಿದಾಗ ತುದಿಯ ಭಾಗಗಳು ಬುಡದ ಗುಣಗಳನ್ನು ಪಡೆದವು. ನೊಣದ ಕಾಲಿನಲ್ಲಿ ಕಂಡ ಗಡಿಯೇ ಕೋಳಿಯ ರೆಕ್ಕೆಯಲ್ಲೂ ಇತ್ತು.

ದಶಕದ ಕೊನೆಯ ಸಾಧನೆ, ಈ ಜೋಡಿಗಳ ಆಕಾರವನ್ನು ಹರಳುಗಳ ಎಕ್ಸ್-ಕಿರಣ ಚಿತ್ರದಲ್ಲಿ ಕಂಡದ್ದು. 1999ರಲ್ಲಿ ಒಂದು ತಂಡ ನೊಣದ ಅಲ್ಟ್ರಾಬೈಥೊರಾಕ್ಸ್-ಎಕ್ಸ್‌ಟ್ರಾಡೆಂಟಿಕಲ್ ಜೋಡಿಯನ್ನು, ಸಿಂಥಿಯಾ ವೂಲ್‌ಬರ್ಗರ್ ಅವರ ತಂಡ ಮನುಷ್ಯನ ಹಾಕ್ಸ್‌ಬಿ1-ಪಿಬಿಎಕ್ಸ್1 ಜೋಡಿಯನ್ನು ಪ್ರಕಟಿಸಿದವು. ಎರಡು ಪ್ರೋಟೀನುಗಳು ಡಿಎನ್‌ಎಯ ಎದುರುಬದುರು ಮುಖಗಳ ಮೇಲೆ ಕುಳಿತಿವೆ. ಹಾಕ್ಸ್ ತನ್ನ ಆ ಕಿರುತುಂಡನ್ನು ಚಾಚಿ, ಟ್ರಿಪ್ಟೊಫಾನನ್ನು ಜೊತೆಗಾರನ ಒಂದು ಗುಳಿಯೊಳಗೆ ಸಿಕ್ಕಿಸಿದೆ. ಸಾಮಾನ್ಯ ಹೋಮಿಯೊಡೊಮೈನ್‌ನಲ್ಲಿ 60 ಅಮೈನೋ ಆಮ್ಲಗಳಿದ್ದರೆ ಪಿಬಿಎಕ್ಸ್ ಮತ್ತು ಮೈಸ್ ಬಂಧುಗಳಲ್ಲಿ 63. ಆ ಗುಳಿ ಏರ್ಪಡುವುದರಲ್ಲಿ ಹೆಚ್ಚುವರಿ ಮೂರರ ಪಾತ್ರವಿದೆ. ಹೆಚ್ಚುವರಿ ಮೂರು ಇರುವ ಪ್ರೋಟೀನುಗಳ ಈ ಕುಟುಂಬಕ್ಕೆ ಟೇಲ್ ಎಂಬ ಹೆಸರು ನಿಂತಿದೆ.

ಎಲ್ಲರೂ ಇದನ್ನು ಒಂದೇ ರೀತಿ ಓದಲಿಲ್ಲ. ಹಾಕ್ಸ್ ಪ್ರೋಟೀನಿಗೆ ಸರಿಯಾದ ಜಾಗ ತೋರಿಸುವುದೇ ಜೊತೆಗಾರನ ಕೆಲಸ ಎಂಬುದು ಮಾನ್ ಮೊದಲಾದವರ ನಿಲುವು. ಮಾರ್ಕ್ ಬಿಗಿನ್ ಮತ್ತು ಮೆಕ್‌ಗಿನ್ನಿಸ್ 1997ರಲ್ಲಿ ಬೇರೆ ವಾದ ಮುಂದಿಟ್ಟರು. ಹೋಮಿಯೊಡೊಮೈನ್ ಪ್ರೋಟೀನುಗಳು ಭ್ರೂಣದಲ್ಲಿ ಬಹಳಷ್ಟು ಜಾಗಗಳಲ್ಲಿ ಹೇಗೂ ಕುಳಿತಿರುತ್ತವೆ. ಅವುಗಳನ್ನು ಎಚ್ಚರಿಸುವುದು, ಅಡಗಿಸುವ ಪ್ರೋಟೀನನ್ನು ಎಬ್ಬಿಸುವ ಪ್ರೋಟೀನಾಗಿ ಮಾಡುವುದು ಜೊತೆಗಾರನ ಪಾತ್ರ ಎಂದರು ಅವರು. ಇಂದು ನೋಡಿದರೆ ಎರಡೂ ಬಗೆಯ ಉದಾಹರಣೆಗಳು ಸಿಕ್ಕಿವೆ. ಆದರೆ ಜಾಗದ ಆಯ್ಕೆಯ ಪರ ಪುರಾವೆ ಹೆಚ್ಚು ಗಟ್ಟಿಯಾಗಿದೆ. 2007ರಲ್ಲಿ ಕೊಲಂಬಿಯಾ ತಂಡ, ಒಂದು ಹಾಕ್ಸ್ ಪ್ರೋಟೀನು ಡಿಎನ್‌ಎಯ ಅಕ್ಷರಗಳಷ್ಟೇ ಅಲ್ಲ, ಅದರ ಕಿರಿದಾದ ಕಾಲುವೆಯ ಅಗಲವನ್ನೂ ಓದುತ್ತದೆ, ಹಾಗೆ ಓದುವ ಬೆರಳುಗಳು ಸರಿಯಾದ ಭಂಗಿಗೆ ಬರುವುದು ಎಕ್ಸ್‌ಟ್ರಾಡೆಂಟಿಕಲ್ ಜೊತೆಗಿದ್ದಾಗ ಎಂದು ತೋರಿಸಿತು. 2011ರಲ್ಲಿ ನೊಣದ ಎಂಟೂ ಹಾಕ್ಸ್ ಪ್ರೋಟೀನುಗಳನ್ನು ಒಟ್ಟಿಗೆ ಪರೀಕ್ಷಿಸಿದಾಗ, ಒಂಟಿಯಾಗಿದ್ದಾಗ ಕಾಣದ ವ್ಯತ್ಯಾಸಗಳು ಜೊತೆಗಾರ ಸೇರಿದ ಕೂಡಲೇ ಹೊರಬಂದವು.

2015ರಲ್ಲಿ ಬಂದ ಇನ್ನೊಂದು ಫಲಿತಾಂಶ ಅನೇಕರ ಎಣಿಕೆಯನ್ನು ತಲೆಕೆಳಗು ಮಾಡಿತು. ಅಮೆರಿಕದ ಜನೀಲಿಯಾ ಸಂಶೋಧನಾ ಕೇಂದ್ರದ ಡೇವಿಡ್ ಸ್ಟರ್ನ್ ಮತ್ತು ಮಾನ್ ತಂಡಗಳು, ನೊಣದ ಮೈಮೇಲಿನ ಕೂದಲಿಗೆ ಕಾರಣವಾದ ಶೇವನ್‌ಬೇಬಿ ಜೀನನ್ನು ಪರೀಕ್ಷಿಸಿ, ಹಾಕ್ಸ್ ಜೋಡಿಗಳು ಅಲ್ಲಿ ಕೂರುವುದು ಹಿಡಿತ ಬಿಗಿಯಿಲ್ಲದ ಜಾಗಗಳ ಗುಂಪಿನ ಮೇಲೆ ಎಂದು ಕಂಡವು. ಆ ಜಾಗಗಳನ್ನು ಬಿಗಿ ಹಿಡಿತಕ್ಕೆ ತಕ್ಕಂತೆ ತಿದ್ದಿದರೆ ಬೇರೆ ಹಾಕ್ಸ್ ಪ್ರೋಟೀನುಗಳೂ ಬಂದು ಕೂರುತ್ತವೆ, ಜೀನು ತಪ್ಪು ಖಂಡಗಳಲ್ಲೂ ಚಾಲೂ ಆಗುತ್ತದೆ. ಬಿಗಿತ ಹೆಚ್ಚಿದಷ್ಟೂ ಆಯ್ಕೆ ಸಡಿಲವಾಗುತ್ತದೆ. ದುರ್ಬಲ ಜಾಗಗಳು ಹಲವಿದ್ದರೆ ಹಿಡಿತದ ಕೊರತೆ ನೀಗುತ್ತದೆ.

ಜೊತೆಗಾರ ಬೇಕೇ ಬೇಕು ಎಂಬ ನಿಯಮಕ್ಕೆ ದೊಡ್ಡ ಅಪವಾದ ಇರುವುದು ಬ್ರಿಜಸ್ ಕಂಡ ಅಂಗದಲ್ಲೇ. ಹಾಲ್ಟಿಯರ್‌ನ ಗುಂಡಿಯಾಗುವ ಕೋಶಗಳಲ್ಲಿ ಹೋಮೊಥೊರಾಕ್ಸ್ ಇರುವುದಿಲ್ಲ, ಹಾಗಾಗಿ ಎಕ್ಸ್‌ಟ್ರಾಡೆಂಟಿಕಲ್ ಕೇಂದ್ರದೊಳಗೆ ಬರುವುದಿಲ್ಲ. ಆದರೂ ಅಲ್ಟ್ರಾಬೈಥೊರಾಕ್ಸ್ ತನ್ನ ಕೆಲಸ ಮಾಡುತ್ತದೆ. ಒಂಟಿ ಜಾಗಗಳು ಹಲವು ಸೇರಿ ಅಲ್ಲಿ ಪರಿಣಾಮ ಬೀರುತ್ತವೆ ಎಂದು ಷಾನ್ ಕ್ಯಾರಲ್ ಅವರ ತಂಡ 2002ರಲ್ಲಿ ತೋರಿಸಿತು. ಅಲ್ಟ್ರಾಬೈಥೊರಾಕ್ಸ್ ರೆಕ್ಕೆಯನ್ನು ಹೇಗೆ ಹಾಲ್ಟಿಯರ್ ಆಗಿ ಮಾರ್ಪಡಿಸುತ್ತದೆ ಎಂಬ ಪ್ರಶ್ನೆಯ ಮೇಲೆ ಭಾರತದಲ್ಲಿ ಬಹುಕಾಲ ಕೆಲಸ ಮಾಡಿದವರು ಎಲ್. ಎಸ್. ಶಶಿಧರ. ಹೈದರಾಬಾದಿನ ಸಿಸಿಎಂಬಿಯಲ್ಲಿ, ನಂತರ ಪುಣೆಯ ಐಐಎಸ್‌ಇಆರ್‌ನಲ್ಲಿದ್ದ ಅವರು ಮುಂದೆ ಬೆಂಗಳೂರಿನ ಎನ್‌ಸಿಬಿಎಸ್‌ನ ನಿರ್ದೇಶಕರಾದರು.

ಜೊತೆಗಾರರು ಇಲ್ಲವೇ ಇಲ್ಲದಿದ್ದರೆ ಬೆನ್ನೆಲುಬಿಯ ಮೈಕಟ್ಟು ಏನಾಗುತ್ತದೆ ಎಂಬುದನ್ನು 2002ರಲ್ಲಿ ಸಿಯಾಟಲ್‌ನ ಸಿಸಿಲಿಯಾ ಮೋಯೆನ್ಸ್ ಅವರ ತಂಡ ಜೀಬ್ರಾ ಮೀನಿನಲ್ಲಿ ಕಂಡಿತು. ಪಿಬಿಎಕ್ಸ್ ಪ್ರೋಟೀನುಗಳನ್ನು ಪೂರ್ತಿ ತೆಗೆದಾಗ ಹಿಮ್ಮೆದುಳಿನ ಎರಡರಿಂದ ಆರನೆಯವರೆಗಿನ ಖಂಡಗಳು ತಮ್ಮ ಗುರುತು ಕಳೆದುಕೊಂಡು ಮೊದಲ ಖಂಡದಂತಾದವು. ಹಾಕ್ಸ್ ಪ್ರೋಟೀನು ಬರುವ ಮೊದಲೇ ಪಿಬಿಎಕ್ಸ್ ಮತ್ತು ಅದರ ಬಂಧುಗಳು ಡಿಎನ್‌ಎಯ ಮೇಲೆ ಕುಳಿತು ಜೀನನ್ನು ಅಣಿಗೊಳಿಸಿರುತ್ತವೆ ಎಂಬುದೂ ಇದೇ ಮೀನಿನಲ್ಲಿ ಮುಂದೆ ತಿಳಿಯಿತು. ಹಾಕ್ಸ್‌ಗೆ ಸಂಬಂಧವಿಲ್ಲದ ಕಡೆಯೂ ಅವು ಹೀಗೆ ದುಡಿಯುತ್ತವೆ: ಸ್ನಾಯು ಬೆಳೆಯುವಾಗ ಮಯೊಡಿ ಪ್ರೋಟೀನಿಗೆ ಜಾಗ ಗುರುತಿಸಿ ಕೊಡುತ್ತವೆ, ಮೇದೋಜೀರಕ ಗ್ರಂಥಿಯಲ್ಲಿ ಪಿಡಿಎಕ್ಸ್1ರ ಜೊತೆ ಕೂಡುತ್ತವೆ.

ಈ ಕುಟುಂಬ ಪ್ರಾಣಿಗಳಿಗಿಂತಲೂ ಹಳೆಯದು. ಯೀಸ್ಟಿನ ಆಲ್ಫಾ2 ಕೂಡ ಹೆಚ್ಚುವರಿ ಮೂರು ಅಮೈನೋ ಆಮ್ಲಗಳಿರುವ ಟೇಲ್ ಪ್ರೋಟೀನೇ. 2008ರಲ್ಲಿ ಅರ್ಸುಲಾ ಗುಡ್‌ಇನಫ್ ಅವರ ತಂಡ ಕ್ಲಾಮಿಡೊಮೊನಾಸ್ ಎಂಬ ಏಕಕೋಶ ಹಸಿರು ಪಾಚಿಯಲ್ಲಿ ಇಂಥ ಎರಡು ಪ್ರೋಟೀನುಗಳನ್ನು ವರ್ಣಿಸಿತು. ಒಂದು ಒಂದು ಲಿಂಗದ ಕೋಶದಲ್ಲಿ, ಇನ್ನೊಂದು ಇನ್ನೊಂದರಲ್ಲಿ. ಎರಡು ಕೋಶಗಳು ಬೆಸೆದಾಗ ಅವು ಕೋಶದ್ರವ್ಯದಲ್ಲಿ ಭೇಟಿಯಾಗಿ, ಜೋಡಿಯಾಗಿ ಕೇಂದ್ರಕ್ಕೆ ಹೋಗಿ ಮುಂದಿನ ಬೆಳವಣಿಗೆಯನ್ನು ಶುರುಮಾಡುತ್ತವೆ.

ವೈದ್ಯಕೀಯದಲ್ಲಿ ಈ ಶೋಧಗಳ ಫಲ ನಿಧಾನವಾಗಿ ಬಂತು. 1996ರಲ್ಲಿ ನೀಲ್ ಕೋಪ್‌ಲೆಂಡ್ ಮತ್ತು ನ್ಯಾನ್ಸಿ ಜೆಂಕಿನ್ಸ್ ಅವರ ತಂಡ ಇಲಿಗಳ ಲ್ಯುಕೀಮಿಯಾದಲ್ಲಿ ಹಾಕ್ಸ್ ಜೀನುಗಳೂ ಮೈಸ್1 ಕೂಡ ಒಟ್ಟಿಗೆ ಚಾಲೂ ಆಗಿರುತ್ತವೆ ಎಂದು ಗಮನಿಸಿತು. 1998ರಲ್ಲಿ ಹಾಕ್ಸ್‌ಎ9 ಮತ್ತು ಮೈಸ್1 ಎರಡನ್ನೂ ಅಸ್ಥಿಮಜ್ಜೆಯ ಕೋಶಗಳಲ್ಲಿ ಒಟ್ಟಿಗೆ ಚಾಲೂ ಮಾಡಿದಾಗ ಇಲಿಗಳಿಗೆ ಬೇಗನೆ ಲ್ಯುಕೀಮಿಯಾ ಬಂದಿತು. ಕೆಎಂಟಿ2ಎ ಜೀನು ಮುರಿದ ರೋಗಿಗಳಲ್ಲೂ ಇದೇ ಜೋಡಿ ಅತಿಯಾಗಿ ಚಾಲೂ ಇರುತ್ತದೆ. ಅದನ್ನು ನಡೆಸಲು ಮೆನಿನ್ ಎಂಬ ಪ್ರೋಟೀನು ಬೇಕು. ಮೆನಿನ್‌ನ ಹಿಡಿತ ಬಿಡಿಸಿ ಹಾಕ್ಸ್‌ಎ9 ಮತ್ತು ಮೈಸ್1ರ ಮಟ್ಟ ಇಳಿಸುವ ರೆವುಮೆನಿಬ್ ಮಾತ್ರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು.

ಭ್ರೂಣದ ಬೆಳವಣಿಗೆಗೆ ಪಿಬಿಎಕ್ಸ್1 ಎಷ್ಟು ಮುಖ್ಯ ಎಂಬುದು 2001ರಲ್ಲಿ ಲೀಚಿಯಾ ಸೆಲ್ಲೆರಿ, ಕ್ಲಿಯರಿ ಮತ್ತು ಸಂಗಡಿಗರ ಕೆಲಸದಿಂದ ತಿಳಿಯಿತು. ಈ ಜೀನಿನ ಎರಡೂ ಪ್ರತಿಗಳಿಲ್ಲದ ಇಲಿಮರಿಗಳು ಗರ್ಭದ 15-16ನೆಯ ದಿನಕ್ಕೆ ಸಾಯುತ್ತವೆ. ಅವುಗಳಲ್ಲಿ ಗುಲ್ಮವೇ ಇರುವುದಿಲ್ಲ. ಹಲವು ಅಂಗಗಳು ಕುಗ್ಗಿರುತ್ತವೆ. ಕಾಲಿನ ಬುಡದ ಕಡೆಯ ಮೂಳೆಗಳು ಕೆಟ್ಟಿರುತ್ತವೆ, ತುದಿಯ ಮೂಳೆಗಳು ಸರಿಯಾಗಿರುತ್ತವೆ. 2017ರಲ್ಲಿ ಫ್ರಾನ್ಸಿನ ತಂಡವೊಂದು ಹುಟ್ಟಿನಿಂದಲೇ ಮೂತ್ರಪಿಂಡ ಸಣ್ಣದಾಗಿದ್ದ ರೋಗಿಗಳ ಜೀನುಗಳನ್ನು ಓದಿ, ಅವರಲ್ಲಿ ಕೆಲವರಿಗೆ ಪಿಬಿಎಕ್ಸ್1ರ ಒಂದು ಪ್ರತಿ ಕೆಟ್ಟಿರುವುದನ್ನು ಪತ್ತೆಮಾಡಿತು. ಅದೇ ವರ್ಷ ಬಂದ ಇನ್ನೊಂದು ವರದಿ ಕಿವಿಯ ಆಕಾರ, ಹೃದಯ, ಜನನಾಂಗ ಮತ್ತು ಬುದ್ಧಿಯ ಬೆಳವಣಿಗೆಯ ತೊಂದರೆಗಳನ್ನೂ ಈ ಪಟ್ಟಿಗೆ ಸೇರಿಸಿತು. ಮನುಷ್ಯನಲ್ಲಿ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಪ್ರೋಟೀನಿನ ಪ್ರಮಾಣ ಸಾಲದೆ ಅಂಗಗಳು ಕುಂದುತ್ತವೆ. ಬಹುತೇಕ ಪ್ರಕರಣಗಳಲ್ಲಿ ಈ ಬದಲಾವಣೆ ತಂದೆತಾಯಿಗಳಲ್ಲಿ ಇರುವುದಿಲ್ಲ, ಮಗುವಿನಲ್ಲೇ ಹೊಸದಾಗಿ ಉಂಟಾಗಿರುತ್ತದೆ; ಹಾಗಾಗಿ ಮನೆತನದ ಇತಿಹಾಸ ಕೇಳಿದರೆ ಅದು ತಿಳಿಯುವುದಿಲ್ಲ, ಮಗುವಿನ ಡಿಎನ್‌ಎಯನ್ನೇ ಓದಬೇಕಾಗುತ್ತದೆ.